ಚೆಕ್ಕಿನ ತಿರಸ್ಕಾರವೂ ಮಾನದ ಬೆಲೆಯೂ

ಬ್ಯಾಂಕಿನಲ್ಲಿಟ್ಟ ಹಣವು ಇಟ್ಟವನದೇ ಎಂಬುದು ಲೋಕದ ಭಾವನೆ. ನ್ಯಾಯಶಾಸ್ತ್ರದ ಮತವು ಹಾಗಲ್ಲ. ಸ್ಮೃತಿಕಾರರ ಮಾತಿನಲ್ಲಿ ಹೇಳುವುದಾದರೆ, ಹಣವಿಟ್ಟವನು ಉತ್ತಮರ್ಣನು, ಬ್ಯಾಂಕು ಅಧಮರ್ಣವು. ಸಾಲ ತೀರಿಸುವುದಕ್ಕೆ ಒಂದು ದಿನ ತಡವಾದರೆ ಹೆಚ್ಚೆಂದರೆ ಒಂದು ದಿನದ ಬಡ್ಡಿ ನಷ್ಟವಾದೀತು. ಆದರೆ ಲೆಕ್ಕದಲ್ಲಿ ಹಣವಿದ್ದೂ ಚೆಕ್ಕು ಹಿಂದಿರುಗಿದಾಗ ಕೆಡುವುದು ಬರೆದವನ ಹೆಸರು. ಅದಕ್ಕೆ ಬೆಲೆಯೆಷ್ಟು?

1830ರಲ್ಲಿ ಇಂಗ್ಲೆಂಡಿನ ರಾಜಪೀಠ ನ್ಯಾಯಸ್ಥಾನದ ಮುಂದೆ ಈ ಪ್ರಶ್ನೆಯು ಬಂದಿತು. ಮಾರ್ಜೆಟಿ ಎಂಬ ವರ್ತಕನ ಲೆಕ್ಕಕ್ಕೆ ಬೆಳಿಗ್ಗೆ 11 ಘಂಟೆಗೆ ಮುಂಚೆಯೇ ಹಣ ಸಂದಿತ್ತು. ಗುಮಾಸ್ತರು ಅದನ್ನು ಪುಸ್ತಕಕ್ಕೆ ಏರಿಸಿರಲಿಲ್ಲ. ಮಧ್ಯಾಹ್ನ 3 ಘಂಟೆಗೆ ತುಸು ಮೊದಲು 87 ಪೌಂಡು 7 ಷಿಲ್ಲಿಂಗು 6 ಪೆನ್ಸಿನ ಅವನ ಚೆಕ್ಕು ಬಂದಾಗ, ಹಣ ಸಾಲದೆಂದು ಹೇಳಿ ಹಿಂದಕ್ಕೆ ಕಳುಹಿದರು. ಮರುದಿನ ಅದೇ ಚೆಕ್ಕು ಸಂದಾಯವಾಯಿತು, ನಷ್ಟವೊಂದೂ ರುಜುವಾಗಲಿಲ್ಲ. ಆದರೂ ಕರಾರನ್ನು ಮುರಿದುದೇ ತಪ್ಪೆಂದು ನಿರ್ಣಯಿಸಿ, ನ್ಯಾಯಾಧೀಶರು ನಾಮಮಾತ್ರದ ಪರಿಹಾರವನ್ನು ಎತ್ತಿಹಿಡಿದರು.

1854ರ ರೋಲಿನ್ ಮೊಕದ್ದಮೆಯಲ್ಲಿ ಮೂರು ಚೆಕ್ಕುಗಳೂ ಒಂದು ಹುಂಡಿಯೂ ತಿರಸ್ಕೃತವಾಗಿದ್ದುವು. ಜೂರಿಯವರು 500 ಪೌಂಡು ಕೊಡಿಸಿದರು. ಅದು 200ಕ್ಕೆ ಇಳಿಯಿತಾದರೂ ತತ್ತ್ವವು ನಿಂತಿತು. ವರ್ತಕನಿಗೆ ನಂಬಿಕೆಯೇ ಬಂಡವಾಳ. ಅವನ ವ್ಯಾಪಾರದ ಹೆಸರಿಗೆ ಕಳಂಕ ಹಚ್ಚಿದರೆ ಹಾನಿಯನ್ನು ರುಜುಪಡಿಸದಿದ್ದರೂ ತಕ್ಕ ಪರಿಹಾರ ಸಲ್ಲಬೇಕು.

ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಶಾಸನದ 31ನೆಯ ಕಲಮಿನಲ್ಲಿ ವರ್ತಕನೆಂಬ ಮಾತೇ ಇಲ್ಲ. ಸಾಕಷ್ಟು ಹಣವಿದ್ದೂ ನ್ಯಾಯವಾಗಿ ಸಲ್ಲಬೇಕಾದ ಚೆಕ್ಕನ್ನು ಬ್ಯಾಂಕು ಸಲ್ಲಿಸದಿದ್ದರೆ, ಅದರಿಂದಾದ ನಷ್ಟವನ್ನು ಚೆಕ್ಕು ಬರೆದವನಿಗೆ ತುಂಬಿಕೊಡತಕ್ಕದ್ದು ಎಂದಷ್ಟೆ ಅದರ ವಿಧಿ. ಚೆಕ್ಕು ಪಡೆದವನಿಗೆ ಈ ಕಲಮಿನ ಆಶ್ರಯವಿಲ್ಲ.

ಇಂಗ್ಲೆಂಡಿನಲ್ಲಿಯಾದರೋ ವರ್ತಕರಿಗೆ ದೊರೆತ ರಕ್ಷಣೆಯು ಇತರರಿಗೆ ಬಹುಕಾಲ ದೊರೆಯಲಿಲ್ಲ. 1939ರಲ್ಲಿ ಓರ್ವ ಹೆಂಗಸು ಮನೆಬಾಡಿಗೆಗೆಂದು ಕೊಟ್ಟ ಚೆಕ್ಕು ಬ್ಯಾಂಕಿನ ತಪ್ಪಿನಿಂದ ತಿರಸ್ಕೃತವಾಯಿತು. ಆಕೆಯು ವ್ಯಾಪಾರಸ್ಥಳಲ್ಲ, ವಿಶೇಷ ನಷ್ಟವನ್ನು ವಾದದಲ್ಲಿ ಎತ್ತಿರಲೂ ಇಲ್ಲ. ಆದುದರಿಂದ ದೊರೆತುದು 40 ಷಿಲ್ಲಿಂಗು, ಎಂದರೆ 2 ಪೌಂಡು. ಮನೆಯೊಡೆಯನ ಮುಂದೆ ತಲೆತಗ್ಗಿಸಬೇಕಾದ ಗೃಹಿಣಿಯ ಸಂಕಟವು ಅಂಗಡಿಯವನ ಸಂಕಟಕ್ಕಿಂತ ಹೇಗೆ ಲಘುವಾದೀತು? ತರ್ಕಕ್ಕೆ ಇದು ಒಗ್ಗುವಂತಿಲ್ಲ.

ಈ ಭೇದವು ಅಳಿದುದು 1996ರ ಕಾನೂನು ವರದಿಗಳಲ್ಲಿ ಅಚ್ಚಾದ ಒಂದು ತೀರ್ಪಿನಿಂದ. 4,550 ಪೌಂಡಿನ ಚೆಕ್ಕೊಂದು ತಪ್ಪಾಗಿ ಹಿಂದಿರುಗಿದುದಕ್ಕೆ ಕೆಳಗೆ ಕೊಡಿಸಿದ್ದ 5,550 ಪೌಂಡುಗಳನ್ನು ಮೇಲ್ಮನವಿಯ ನ್ಯಾಯಸ್ಥಾನವು ಸ್ಥಿರಪಡಿಸಿತು. ಸಾಲ ತೀರಿಸಬಲ್ಲನೆಂಬ ಹೆಸರು ವರ್ತಕನಿಗೆಂತೋ ಅಂತೆಯೇ ಸಾಮಾನ್ಯ ಗೃಹಸ್ಥನಿಗೂ ಬೇಕಾದುದೆಂದು ಒಪ್ಪಿಕೊಂಡಿತು.