ಕ್ಯಾನ್ಸರ್ ಮತ್ತು ಚಯಾಪಚಯ ರೋಗಗಳು: ಬೆಳಗಾವಿ, ಖಾನಾಪುರ

ಸಕ್ಕರೆ ಕಾಯಿಲೆ, ಬೊಜ್ಜು ಮೊದಲಾದ ಚಯಾಪಚಯ ರೋಗಗಳಿಗೂ ಕೆಲವು ಬಗೆಯ ಕ್ಯಾನ್ಸರಿಗೂ ಇರುವ ನಂಟಿನ ಹುಡುಕಾಟಕ್ಕೆ ಸುಮಾರು ನೂರು ವರ್ಷ. ಬೆಳಗಾವಿ ಭಾಗದ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇವೆರಡೂ ಜೊತೆಯಾದದ್ದು ಮಾತ್ರ ಈಚೆಗೆ.

1920ರ ದಶಕದಲ್ಲಿ ಬರ್ಲಿನ್ನಿನ ಓಟೋ ವಾರ್ಬುರ್ಗ್, ಆಮ್ಲಜನಕ ಸಾಕಷ್ಟಿದ್ದರೂ ಗಡ್ಡೆಯ ಜೀವಕೋಶಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದನ್ನು ಕಂಡರು. 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬಿನ ಏರುಪೇರುಗಳ ಹಿಂದೆ ಇನ್ಸುಲಿನ್ನಿಗೆ ದೇಹ ಮಣಿಯದಿರುವುದೇ ಇದೆಯೆಂದು ವಾದಿಸಿದರು. ಹಾಗೆ ಮಣಿಯದ ದೇಹದಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಅದು ಜೀವಕೋಶಗಳ ವಿಭಜನೆಗೆ ಕುಮ್ಮಕ್ಕು ಕೊಡುತ್ತದೆ. ಮುಟ್ಟು ನಿಂತವರಲ್ಲಿ ಕೊಬ್ಬೇ ಈಸ್ಟ್ರೋಜೆನ್ ತಯಾರಿಸುವುದರಿಂದ ಸ್ತನ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಏರುತ್ತದೆ. 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೊಜ್ಜಿಗೆ ಅಂಟಿಕೊಂಡ 13 ಕ್ಯಾನ್ಸರುಗಳನ್ನು ಗುರುತಿಸಿತು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕ್ಯಾನ್ಸರನ್ನೂ ತಡೆದೀತೆಂಬ ಆಸೆ 2005ರ ಸ್ಕಾಟ್ಲೆಂಡಿನ ಅಧ್ಯಯನದಿಂದ ಚಿಗುರಿತು. ಸಕ್ಕರೆ ಕಾಯಿಲೆಯಿಲ್ಲದ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆ 2022ರಲ್ಲಿ ಆ ಆಸೆಯನ್ನು ಬಹುಮಟ್ಟಿಗೆ ಕುಗ್ಗಿಸಿತು.

ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿ 3ರಂದು ಉದ್ಘಾಟಿಸಿದರು. ನಗರದ ಮಟ್ಟಿಗೆ ಇವು ದೊಡ್ಡ ಹೆಜ್ಜೆಗಳು. ಆದರೆ ಖಾನಾಪುರ ತಾಲೂಕಿನ ಭೀಮಗಡ ಕಾಡಿನಲ್ಲಿರುವ ಆಮಗಾಂವದಂಥ ಊರುಗಳಿಗೆ ಮಳೆಗಾಲದಲ್ಲಿ ವಾಹನ ಹೋಗುವುದೇ ಕಷ್ಟ. ಅಲ್ಲಿ ರೋಗ ಮೊದಲು ಕಣ್ಣಿಗೆ ಬೀಳಬೇಕಾದದ್ದು ಮನೆಬಾಗಿಲಲ್ಲೇ.

2010ರಲ್ಲಿ ಕೇಂದ್ರ ಸರ್ಕಾರ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯುಗಳನ್ನು ಒಂದೇ ಕಾರ್ಯಕ್ರಮದಡಿ ತಂದಿತು. ಅದರ ಮುಂದುವರಿಕೆಯಾಗಿ ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಹೋಗಿ ಟೇಪಿನಿಂದ ಸೊಂಟ ಅಳೆಯುತ್ತಾರೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಮೀರಿದರೆ ಅವರ ನಮೂನೆಯಲ್ಲಿ ಅಪಾಯದ ಅಂಕ ಬೀಳುತ್ತದೆ. ವಯಸ್ಸು, ತಂಬಾಕು, ಕುಡಿತ, ದೇಹಶ್ರಮ, ಮನೆತನದ ಕಾಯಿಲೆಗೂ ಅಂಕವುಂಟು. ಒಟ್ಟು 4 ದಾಟಿದವರನ್ನು ತಪಾಸಣೆಗೆ ಮೊದಲು ಕರೆಯುತ್ತಾರೆ. ನೂರು ವರ್ಷದ ವಿಜ್ಞಾನ ಹಳ್ಳಿಯ ಜಗುಲಿ ತಲುಪಿದ್ದು ಈ ಟೇಪಿನ ಮೂಲಕ ಎಂದರೆ ತಪ್ಪಿಲ್ಲ.

ಕೊರತೆಯೂ ಇದೆ. ತಪಾಸಣೆಯಲ್ಲಿರುವ ಕ್ಯಾನ್ಸರುಗಳು ಬಾಯಿ, ಸ್ತನ ಮತ್ತು ಗರ್ಭಕೊರಳಿನವು. ಬಾಯಿಯದಕ್ಕೆ ತಂಬಾಕು, ಗರ್ಭಕೊರಳಿನದಕ್ಕೆ ವೈರಸ್ ಮುಖ್ಯ ಕಾರಣ. ಈ ಮೂರರಲ್ಲಿ ಬೊಜ್ಜಿನ ನಂಟು ಸ್ಪಷ್ಟವಾಗಿರುವುದು ಸ್ತನದ್ದಕ್ಕೆ ಮಾತ್ರ. ಬೊಜ್ಜಿಗೆ ತೀರ ಹತ್ತಿರವಾದ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಪ್ರತ್ಯೇಕ ತಪಾಸಣೆಯಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಹೋಗುವುದು ಅದರ ಮುನ್ಸೂಚನೆ. ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಆ ಪ್ರಶ್ನೆಯಿದೆ. ಉತ್ತರ ‘ಹೌದು’ ಎಂದಾದರೆ ಅಂಕ ಎಷ್ಟೇ ಇರಲಿ, ಆ ಹೆಂಗಸನ್ನು ಕೂಡಲೇ ವೈದ್ಯರಲ್ಲಿಗೆ ಕಳಿಸಬೇಕು.