ಕಪ್ಪು ಬಲೂನು, ಕೆಂಪು ಬಲೂನು



ಕಳೆದ ವಾರ ನಮ್ಮ ಕ್ಯಾತ್ಸಂದ್ರದ ಮನೆಯ ಕಬ್ಬಿಣದ ಬೀರುವನ್ನು ಚೊಕ್ಕಟ ಮಾಡುತ್ತಿದ್ದೆ. ಹಳೆಯ ಪ್ರಶ್ನಪತ್ರಿಕೆಗಳ ಕಟ್ಟಿನ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಟಾರ್ಚು ಕೈಗೆ ಸಿಕ್ಕಿತು. ಒಡಲು ಅಲ್ಯೂಮಿನಿಯಮ್ಮಿನದು. ಬಲ್ಬಿರಬೇಕಾದ ಜಾಗದಲ್ಲಿ ಹಿತ್ತಾಳೆಯ ಒಂದು ಪುಟ್ಟ ಬಿಲ್ಲೆ, ಅದರೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಲೇಸರ್ ಡಯೋಡು. ಕೆಟ್ಟುಹೋದ ಡಿ.ವಿ.ಡಿ. ರೈಟರಿನಿಂದ ಕಿತ್ತು ತೆಗೆದದ್ದು.

ಇದು ನನ್ನದಲ್ಲ. 2011ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಂದ ನಾನು ಕಸಿದುಕೊಂಡದ್ದು. ಆ ಪ್ರಸಂಗಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮುನ್ನ, ಅಂಗೈಯಲ್ಲಿ ಹಿಡಿಯಬಹುದಾದ ಈ ಬೆಳಕಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ತರಗತಿಯಲ್ಲಿ ಇದನ್ನು ನಾನು ಎಂದೂ ಸರಿಯಾಗಿ ಹೇಳಿದವನಲ್ಲ. ಪಠ್ಯದಲ್ಲಿದ್ದದ್ದು ಎರಡೇ ಸಾಲು, ನಾನೂ ಎರಡೇ ಸಾಲು ಹೇಳಿ ಮುಂದಕ್ಕೆ ಹೋಗುತ್ತಿದ್ದೆ.

ಉತ್ತೇಜಿತ ಉತ್ಸರ್ಜನೆಯೆಂಬ ತತ್ತ್ವವನ್ನು ಐನ್‌ಸ್ಟೈನ್ 1917ರಷ್ಟು ಹಿಂದೆಯೇ ಕಾಗದದ ಮೇಲೆ ತೋರಿಸಿದ್ದರು. ಅದರಿಂದ ಬೆಳಕನ್ನು ವರ್ಧಿಸುವ ಬಗೆಯನ್ನು ಚಾರ್ಲ್ಸ್ ಟೌನ್ಸ್ ಮತ್ತು ಆರ್ಥರ್ ಶಾಲೋ 1958ರಲ್ಲಿ ಪ್ರಕಟಿಸಿದರು. (ಇವರಿಬ್ಬರೂ ಸಂಬಂಧಿಗಳು; ಟೌನ್ಸರ ತಂಗಿಯನ್ನು ಶಾಲೋ ಮದುವೆಯಾಗಿದ್ದರು.) ದೊಡ್ಡ ದೊಡ್ಡ ಪ್ರಯೋಗಾಲಯಗಳು ಅದರ ಬೆನ್ನು ಹತ್ತಿದವು. ಗೆದ್ದವರು ಕ್ಯಾಲಿಫೋರ್ನಿಯದ ಹ್ಯೂಸ್ ಪ್ರಯೋಗಾಲಯದ ಥಿಯೊಡೋರ್ ಮೇಮನ್. 1960ರ ಮೇ 16ರಂದು ಅವರ ಕೆಂಪುಮಾಣಿಕ್ಯದ ತುಂಡು ಮೊದಲ ಲೇಸರ್ ಬೆಳಕನ್ನು ಸೂಸಿತು. ಮಾಣಿಕ್ಯದ ಉದ್ದ ಸುಮಾರು 2 ಸೆಂಟಿಮೀಟರ್; ಅದರ ಸುತ್ತ ಛಾಯಾಗ್ರಾಹಕರು ಬಳಸುವ ಸುರುಳಿಯಾಕಾರದ ಮಿಂಚುದೀಪ. ಇಡೀ ಉಪಕರಣ ಒಂದು ಅಂಗೈಗೆ ಹಿಡಿಸುವಷ್ಟು. ಪತ್ರಿಕೆಗಳಿಗೆ ಚಿತ್ರ ತೆಗೆಯಲು ಬಂದ ಛಾಯಾಗ್ರಾಹಕನಿಗೆ ಇಷ್ಟು ಚಿಕ್ಕ ವಸ್ತು ತೀರ ಸಪ್ಪೆಯೆನಿಸಿ, ಬೇರೊಂದು ದೊಡ್ಡ ದೀಪವನ್ನು ಮೇಮನ್ನರ ಮುಂದಿಟ್ಟು ಚಿತ್ರ ತೆಗೆದನಂತೆ. ಲೋಕವೆಲ್ಲ ನೋಡಿದ ಆ ಪ್ರಸಿದ್ಧ ಚಿತ್ರದಲ್ಲಿರುವುದು ಮೊದಲ ಲೇಸರ್ ಅಲ್ಲ! ಜುಲೈ ತಿಂಗಳಲ್ಲಿ ಸುದ್ದಿ ಹೊರಬಿದ್ದಾಗ ಪತ್ರಿಕೆಗಳು ಅದನ್ನು ‘ಸಾವಿನ ಕಿರಣ’ ಎಂದೇ ಕರೆದವು. ಇತ್ತ ಭೌತಶಾಸ್ತ್ರದ ಪ್ರತಿಷ್ಠಿತ ನಿಯತಕಾಲಿಕವೊಂದು ಅವರ ಪ್ರಬಂಧವನ್ನು ತಿರಸ್ಕರಿಸಿತು. ಆಗಸ್ಟ್ 6ರಂದು ಅದು ‘ನೇಚರ್’ನಲ್ಲಿ ಅಚ್ಚಾಯಿತು.

ನಮ್ಮ ಕಥೆಗೆ ಹತ್ತಿರವಾದವರು ಮಾತ್ರ ಇನ್ನೊಬ್ಬರು, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ಹಾಲ್. 1962ರ ಜುಲೈನಲ್ಲಿ ಒಂದು ವಿಚಾರಗೋಷ್ಠಿಗೆ ಹೋಗಿದ್ದ ಅವರು, ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಡಯೋಡು ಆಶ್ಚರ್ಯಪಡುವಷ್ಟು ದಕ್ಷವಾಗಿ ಅವಕೆಂಪು ಬೆಳಕನ್ನು ಕೊಡುತ್ತದೆಂಬುದನ್ನು ಕೇಳಿದರು. ಊರಿಗೆ ಹಿಂದಿರುಗುವ ರೈಲಿನಲ್ಲೇ ಲೆಕ್ಕ ಹಾಕತೊಡಗಿದರು. ಆ ಹರಳಿನಿಂದ ಲೇಸರ್ ಮಾಡಬೇಕಾದರೆ ಅದರ ಎರಡು ಎದುರುಬದುರು ಮುಖಗಳು ಕನ್ನಡಿಯಂತೆ ನಯವಾಗಿ, ಒಂದಕ್ಕೊಂದು ಸಮಾಂತರವಾಗಿರಬೇಕು. ಹರಳೋ ಸಾಸಿವೆಗಿಂತಲೂ ಚಿಕ್ಕದು. ಹೊಳಪು ಕೊಡುವವರು ಯಾರು? ಹಾಲ್ ಬಾಲ್ಯದಲ್ಲಿ ಹವ್ಯಾಸಕ್ಕಾಗಿ ದೂರದರ್ಶಕ ಕಟ್ಟಿದವರು, ಗಾಜನ್ನು ಕೈಯಾರೆ ತಿಕ್ಕಿ ನಯಗೊಳಿಸುವುದನ್ನು ಬಲ್ಲವರು. ಆ ಹಳೆಯ ಹವ್ಯಾಸದ ಕೈಚಳಕ ಈಗ ಒದಗಿಬಂದಿತು. ಸೆಪ್ಟೆಂಬರಿನಲ್ಲಿ, ದ್ರವ ಸಾರಜನಕದ ಚಳಿಯಲ್ಲಿ, ಅವರ ಡಯೋಡು ಲೇಸರ್ ಬೆಳಕನ್ನು ಬೀರಿತು. ಕೆಲವೇ ವಾರಗಳ ಅಂತರದಲ್ಲಿ ಅಮೆರಿಕದ ಬೇರೆ ಮೂರು ತಂಡಗಳೂ ಗುರಿ ಮುಟ್ಟಿದವು. ಅವರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನೇ ಪಡೆದರು.

ನಮ್ಮವರೂ ಕೈಕಟ್ಟಿ ಕುಳಿತಿರಲಿಲ್ಲ. 1960ರ ದಶಕದ ನಡುವಿನಲ್ಲೇ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಗ್ಯಾಲಿಯಂ ಆರ್ಸೆನೈಡ್ ಲೇಸರ್ ತಯಾರಾಯಿತು. ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು. ಇಂದಿಗೂ ಕಾರ್ಖಾನೆಗಳಲ್ಲಿ ಕತ್ತರಿಸುವ ಕೆಲಸ ಮಾಡುವ ಲೇಸರ್ ಅದು. ನಮ್ಮ ಸರ್ ಸಿ.ವಿ. ರಾಮನ್ನರು 1928ರಲ್ಲಿ ತಮ್ಮ ಪರಿಣಾಮವನ್ನು ಕಂಡದ್ದು ದೂರದರ್ಶಕದ ಮಸೂರದಿಂದ ಒಗ್ಗೂಡಿಸಿದ ಸೂರ್ಯನ ಬೆಳಕಿನಲ್ಲಿ. ಅತಿ ಮಂಕಾದ ಆ ಚದರಿದ ಬೆಳಕನ್ನು ಸುಲಭವಾಗಿ ಅಳೆಯುವ ಕಾಲ ಬಂದದ್ದು ಲೇಸರ್ ಬಂದ ಮೇಲೆಯೇ.

ಮನೆಯಲ್ಲೇ ಲೇಸರ್ ಮಾಡುವ ಹುಚ್ಚೂ ಹೊಸದಲ್ಲ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಹವ್ಯಾಸಿ ವಿಜ್ಞಾನಿಗಳ ಅಂಕಣವು ಹೀಲಿಯಂ-ನಿಯಾನ್ ಲೇಸರನ್ನು ಮನೆಯಲ್ಲಿ ಕಟ್ಟುವ ಬಗೆಯನ್ನು 1964ರ ಸೆಪ್ಟೆಂಬರಿನಲ್ಲೇ ವಿವರಿಸಿತ್ತು. ಆದರೆ ಅದಕ್ಕೆ ಗಾಜಿನ ಕೊಳವೆ ಬೇಕು, ನಿರ್ವಾತ ಪಂಪು ಬೇಕು; ಬಡ ಮೇಷ್ಟರಿಗೆ ಎಟಕುವ ಮಾತಲ್ಲ. ಕೊಠಡಿಯ ಉಷ್ಣತೆಯಲ್ಲಿ ಎಡೆಬಿಡದೆ ಉರಿಯುವ ಡಯೋಡು 1970ರಲ್ಲಿ ಬಂತು. 1982ರಲ್ಲಿ ಸಿ.ಡಿ. ಪ್ಲೇಯರ್ ಮಾರುಕಟ್ಟೆಗೆ ಬಂದ ಮೇಲೆ ಡಯೋಡು ಅಗ್ಗವಾಗುತ್ತ ಹೋಯಿತು. ಸಿದ್ಧಗಂಗೆಯ ಜಾತ್ರೆಯಲ್ಲಿ ನಾನೂ ಬೀಗದ ಕೈಗೊಂಚಲಿಗೆ ಸಿಕ್ಕಿಸುವ ಕೆಂಪು ಲೇಸರೊಂದನ್ನು ಚೌಕಾಸಿ ಮಾಡಿ ಕೊಂಡು, ವಕ್ರೀಭವನದ ಪಾಠಕ್ಕೆ ಹಾಲು ಬೆರೆಸಿದ ನೀರಿನಲ್ಲಿ ಹಾಯಿಸಿ ತೋರಿಸುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ನಿಜವಾದ ತಿರುವು ಬಂದದ್ದು ಡಿ.ವಿ.ಡಿ. ಬರೆಯುವ ಯಂತ್ರಗಳಿಂದ. ತಟ್ಟೆಯ ಮೇಲೆ ಬರೆಯಲು ಓದುವುದಕ್ಕಿಂತ ಬಹುಪಾಲು ಹೆಚ್ಚು ಶಕ್ತಿ ಬೇಕು. ಆದ್ದರಿಂದ ಗುಜರಿಗೆ ಬಿದ್ದ ಪ್ರತಿಯೊಂದು ರೈಟರಿನೊಳಗೂ ಸುಮಾರು 650 ನ್ಯಾನೋಮೀಟರಿನ ಬಲಿಷ್ಠ ಕೆಂಪು ಡಯೋಡೊಂದು ಅಡಗಿತ್ತು. 2005ರ ನಂತರ ದೇಶವಿದೇಶಗಳ ಹವ್ಯಾಸಿಗಳು ಇವನ್ನು ಕಿತ್ತು ಟಾರ್ಚಿನ ಒಡಲಿನಲ್ಲಿ ಕೂರಿಸತೊಡಗಿದರು. ತಮ್ಮತಮ್ಮಲ್ಲೇ ಸ್ನೇಹದ ಸ್ಪರ್ಧೆ ಏರ್ಪಡಿಸಿಕೊಂಡು ಯಾರ ಒಡಲು ಚೆಂದ, ಯಾರ ಬೆಸುಗೆ ಅಚ್ಚುಕಟ್ಟು, ಯಾರ ಕಿರಣ ನೇರ ಎಂದು ತೂಗಿ ನೋಡಿದರು. ಕೆಲಸ ನಾಜೂಕಿನದು. ಬೆರಳಿನ ಸ್ಥಾಯೀ ವಿದ್ಯುತ್ತು ತಗುಲಿದರೂ ಡಯೋಡು ಸಾಯುತ್ತದೆ. ವಿದ್ಯುತ್ ಪ್ರವಾಹ ಒಂದು ಕ್ಷಣ ಮಿತಿ ಮೀರಿದರೂ ಸಾಯುತ್ತದೆ. ಬಿಸಿ ಹೊರಹೋಗಲು ಲೋಹದ ಆಸರೆ ಇರದಿದ್ದರೂ ಸಾಯುತ್ತದೆ. 2010ರಲ್ಲಿ ಕ್ಯಾಸಿಯೋ ಕಂಪನಿಯ ಪ್ರೊಜೆಕ್ಟರುಗಳಿಂದ ಕಿತ್ತ ನೀಲಿ ಡಯೋಡುಗಳು ಬಂದಾಗ, ಕೈಯಲ್ಲಿ ಹಿಡಿಯುವ ಲೇಸರಿನ ಶಕ್ತಿ ಒಂದು ವಾಟಿಗೇ ಏರಿತು.

ಅದೇ ಕಾಲದಲ್ಲಿ ನನ್ನ ಮೂವರು ಹುಡುಗರೂ ಅದನ್ನೇ ಮಾಡುತ್ತಿದ್ದರು. ರಿಪೇರಿ ಅಂಗಡಿಯ ಗುಜರಿಯಿಂದ ಡಯೋಡು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಸೂರ. ಶಾಲೆಯ ಹಿಂದಿನ ಗೋಡೆಗೆ ಬಲೂನು ಕಟ್ಟಿ, ಯಾರದು ಹೆಚ್ಚು ದೂರದಿಂದ ಒಡೆಯುತ್ತದೆಂಬ ಪಂದ್ಯ. ಸೋತವನು ತಟ್ಟೆ ಇಡ್ಲಿ ಕೊಡಿಸಬೇಕು. ನಾನು ಹೋದಾಗ ಕಪ್ಪು ಬಲೂನು ಆಗಲೇ ಒಡೆದಿತ್ತು. ಹುಡುಗನೊಬ್ಬ ಓಡಿಬಂದು, ‘ಸಾರ್, ಕಪ್ಪು ಒಡೀತು, ಕೆಂಪು ಯಾಕೆ ಒಡೀತಿಲ್ಲ?’ ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಟಾರ್ಚನ್ನು ಕಸಿದುಕೊಂಡು, ಎಲ್ಲರ ಎದುರಿಗೆ ಗದರಿಸಿ, ಸಂಜೆಯವರೆಗೆ ತರಗತಿಯ ಹೊರಗೆ ನಿಲ್ಲಿಸಿದೆ. ಮರುವರ್ಷ ಅವನ ತಂದೆಗೆ ವರ್ಗವಾಗಿ ಅವರು ಊರು ಬಿಟ್ಟರು.

ಕಸಿದುಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸಾಧಾರಣ ಪಾಯಿಂಟರಿನ ಮಿತಿ 5 ಮಿಲಿವಾಟ್. ಹುಡುಗರ ಕೈಯಲ್ಲಿದ್ದದ್ದು ನೂರು ಮೀರಿದ್ದಿರಬೇಕು. ಕಣ್ಣಿನ ಮಸೂರವು ಆ ಕಿರಣವನ್ನು ಅಕ್ಷಿಪಟದ ಮೇಲೆ ಲಕ್ಷ ಪಟ್ಟು ಸಾಂದ್ರಗೊಳಿಸುತ್ತದೆ. ರೆಪ್ಪೆ ಬಡಿಯುವ ಕಾಲು ಸೆಕೆಂಡಿಗೂ ಮುನ್ನವೇ ದೃಷ್ಟಿ ಸುಟ್ಟುಹೋಗಬಹುದು. ಮೂವರಲ್ಲಿ ಒಬ್ಬನಿಗೂ ರಕ್ಷಣೆಯ ಕನ್ನಡಕವಿರಲಿಲ್ಲ. ಆದರೆ ಪ್ರಶ್ನೆಯನ್ನೂ ಕಸಿದುಕೊಂಡೆನಲ್ಲ, ಅದು ಸರಿಯಲ್ಲ. ಸತ್ಯ ಹೇಳುವುದಾದರೆ, ಆ ಕ್ಷಣಕ್ಕೆ ಉತ್ತರ ನನಗೆ ಹೊಳೆದಿರಲೂ ಇಲ್ಲ.

ನಿವೃತ್ತನಾದ ಮೇಲೆ ಆರ್ಥರ್ ಶಾಲೋ ಅವರ ವಿಚಾರ ಓದಿದೆ. 1981ರಲ್ಲಿ ನೊಬೆಲ್ ಪಡೆದ ಆ ಪ್ರೊಫೆಸರು, ಆಟದ ಪಿಸ್ತೂಲಿನೊಳಗೆ ಪುಟ್ಟ ಮಾಣಿಕ್ಯದ ಲೇಸರನ್ನು ಅಡಗಿಸಿಟ್ಟುಕೊಂಡು ಉಪನ್ಯಾಸಕ್ಕೆ ಬರುತ್ತಿದ್ದರಂತೆ. ಪಾರದರ್ಶಕ ಬಲೂನಿನೊಳಗೆ ನೀಲಿ ಬಣ್ಣದ ಮಿಕ್ಕಿಮೌಸ್ ಬಲೂನು. ಪಿಸ್ತೂಲು ಹಾರಿಸಿದರೆ ಹೊರಗಿನದು ಹಾಗೆಯೇ ಉಳಿದು ಒಳಗಿನದು ಮಾತ್ರ ಒಡೆಯುತ್ತಿತ್ತು. ಕೆಂಪು ಬೆಳಕು ಪಾರದರ್ಶಕ ರಬ್ಬರನ್ನು ಹಾದುಹೋಗುತ್ತದೆ, ನೀಲಿ ರಬ್ಬರು ಅದನ್ನು ಹೀರಿ ಬಿಸಿಯಾಗಿ ತೂತಾಗುತ್ತದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಗು, ನೀನು ಇದನ್ನು ಓದುತ್ತಿದ್ದರೆ, ಉತ್ತರ ಹೀಗಿದೆ: ಕಪ್ಪು ಬಲೂನು ಎಲ್ಲ ಬಣ್ಣಗಳನ್ನೂ ಹೀರುತ್ತದೆ, ಆದ್ದರಿಂದ ಒಡೆಯಿತು. ಕೆಂಪು ಬಲೂನು ಕೆಂಪಾಗಿ ಕಾಣುವುದೇ ಕೆಂಪು ಬೆಳಕನ್ನು ಹೀರದೆ ಚದರಿಸಿ, ಹೊರಗೆ ಬಿಟ್ಟುಬಿಡುವುದರಿಂದ. ನಿನ್ನ ಲೇಸರಿಗೆ ಅದರಲ್ಲಿ ಹಿಡಿತವೇ ಸಿಗಲಿಲ್ಲ. ಹಸಿರು ಇಲ್ಲವೇ ನೀಲಿ ಬಲೂನು ಕಟ್ಟಿದ್ದರೆ ಬಹುಶಃ ಒಡೆಯುತ್ತಿತ್ತು.

ಟಾರ್ಚಿನ ಬ್ಯಾಟರಿ ಸೋರಿ ಹಸಿರು ಕಟ್ಟಿತ್ತು. ತೆಗೆದು ನಿಂಬೆರಸದಿಂದ ಒರೆಸಿ ಇಟ್ಟಿದ್ದೇನೆ. ನಿನ್ನ ಬೆಸುಗೆ ಇನ್ನೂ ಗಟ್ಟಿಯಾಗಿದೆ. ಮನೆ ಅದೇ, ಬದಲಾಗಿಲ್ಲ. ಬಂದು ತೆಗೆದುಕೊಂಡು ಹೋಗು, ಬರುವಾಗ ಕನ್ನಡಕ ತಾ. ತಟ್ಟೆ ಇಡ್ಲಿ ನನ್ನ ಲೆಕ್ಕ.