೧೯೬೯ರ ರಾಷ್ಟ್ರಪತಿ ಚುನಾವಣೆಯೂ ಬೆಂಗಳೂರೂ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಿಂದ ಹೊರಟು, ಹಳೆಯ ಕೋಟೆಯ ಮಗ್ಗುಲಲ್ಲಿ ಹಾದು, ಅರ್ಧ ಗಂಟೆಯ ಹೊತ್ತು ನಡೆದವನು ಲಾಲ್‌ಬಾಗನ್ನು ಸೇರುತ್ತಾನೆ. ಹೂವು ಮಾರುಕಟ್ಟೆಯಲ್ಲಿ ಬಿಕರಿಯಾಗತಕ್ಕದ್ದು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅದು ಪ್ರದರ್ಶನಕ್ಕೆ ಬರತಕ್ಕದ್ದು. ೧೮೮೯ರಲ್ಲಿ ಅಸ್ತಿಭಾರ ಬಿದ್ದ ಆ ಗಾಜಿನ ಮನೆಯನ್ನು ಪುಷ್ಪಪ್ರದರ್ಶನದಿಂದ ಅರಿಯದ ಬೆಂಗಳೂರಿಗರು ವಿರಳ. ಆದರೆ ೧೯೬೯ರ ಜುಲೈ ತಿಂಗಳ ಎರಡನೆಯ ವಾರದಲ್ಲಿ ಅಲ್ಲಿ ನೆರೆದದ್ದು ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ. ಆ ವಾರ ಈ ಊರಿನಲ್ಲಿ ಒಂದು ಪಕ್ಷವು ದೇಶದ ರಾಷ್ಟ್ರಪತಿಯಾಗತಕ್ಕವರು ಯಾರೆಂಬುದನ್ನು ತೀರ್ಮಾನಿಸಿತು. ಆರು ವಾರ ಕಳೆಯುವುದರೊಳಗೆ ಆ ತೀರ್ಮಾನ ಬಿದ್ದುಹೋಯಿತು. ವರ್ಷ ಮುಗಿಯುವುದರೊಳಗೆ ಆ ಪಕ್ಷವೇ ಎರಡಾಯಿತು. ಇಷ್ಟು ದೊಡ್ಡ ಲೆಕ್ಕ ಇಷ್ಟು ಬೇಗನೆ ತಪ್ಪಿದುದು ಹೇಗೆಂಬುದು ವಿಚಾರಾರ್ಹವಾದ ವಿಷಯ.

೧೯೬೯ರ ಮೇ ೩ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ಕಾಲವಾದರು. ಅಲ್ಲಿಯವರೆಗೆ ಯಾವ ರಾಷ್ಟ್ರಪತಿಯೂ ಹಾಗೆ ತೀರಿಕೊಂಡಿರಲಿಲ್ಲ. ಉಪರಾಷ್ಟ್ರಪತಿ ಶ್ರೀ ವಿ. ವಿ. ಗಿರಿಯವರು ತಾತ್ಕಾಲಿಕವಾಗಿ ಆ ಸ್ಥಾನವನ್ನು ವಹಿಸಿದರು. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗಾಗಿ ಚುನಾವಣೆ ನಡೆಯಬೇಕೆಂಬುದು ರಾಜ್ಯಾಂಗದ ವಿಧಿ. ಹೀಗೆ ಯಾರೂ ಎದುರುನೋಡದೆ ಇದ್ದಾಗ ಈ ಆಯ್ಕೆಯ ಪ್ರಶ್ನೆ ಕಾಂಗ್ರೆಸ್ಸಿನ ಮುಂದೆ ಬಂದು ನಿಂತಿತು.

ಅದು ಬಂದ ಕಾಲವೂ ಒಳ್ಳೆಯದಾಗಿರಲಿಲ್ಲ. ೧೯೬೭ರ ಮಹಾಚುನಾವಣೆಯಲ್ಲಿ ಲೋಕಸಭೆಯ ೫೨೦ ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ೨೮೩ ಮಾತ್ರ ದೊರೆತಿದ್ದುವು. ಎಂಟು ರಾಜ್ಯಗಳಲ್ಲಿ ಅದಕ್ಕೆ ಬಹುಮತವೇ ಬಂದಿರಲಿಲ್ಲ. ೧೯೬೯ರ ಫೆಬ್ರವರಿಯಲ್ಲಿ ಉತ್ತರಪ್ರದೇಶ, ಬಿಹಾರ, ಪಂಜಾಬ, ಪಶ್ಚಿಮ ಬಂಗಾಳಗಳಲ್ಲಿ ನಡೆದ ಮಧ್ಯಾವಧಿ ಚುನಾವಣೆಗಳಿಂದಲೂ ಪಕ್ಷದ ಬಲ ಕೂಡಿಕೊಳ್ಳಲಿಲ್ಲ. ಇದೇ ಇಳಿಜಾರು ಮುಂದುವರಿದರೆ ಬರುವ ಲೋಕಸಭೆಯಲ್ಲಿ ಯಾರಿಗೂ ಬಹುಮತವಿಲ್ಲದಿರುವ ಸಂಭವವಿದ್ದಿತು. ಅಂತಹ ಸಮಯದಲ್ಲಿ ಪ್ರಧಾನಮಂತ್ರಿಯ ಪದವಿಗೆ ಯಾರನ್ನು ಕರೆಯಬೇಕೆಂಬುದು ರಾಷ್ಟ್ರಪತಿಯ ವಿವೇಚನೆಗೆ ಸೇರಿದ ವಿಷಯ. ನೆಮ್ಮದಿಯ ದಿನಗಳಲ್ಲಿ ಅಲಂಕಾರಪ್ರಾಯವೆಂದು ತೋರುವ ಪದವಿಯು ಬಿಕ್ಕಟ್ಟಿನ ದಿನದಲ್ಲಿ ಬೀಗದ ಕೈಯಾಗುವುದು. ಈ ಸೂಕ್ಷ್ಮವನ್ನು ಕಾಂಗ್ರೆಸ್ಸಿನ ಎರಡು ಪಂಗಡಗಳೂ ಅರಿತಿದ್ದುವು. ಒಂದು ಕಡೆ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು. ಇನ್ನೊಂದು ಕಡೆ ಪತ್ರಿಕೆಗಳವರು ‘ಸಿಂಡಿಕೇಟ್’ ಎಂದು ಹೆಸರಿಟ್ಟ ಹಿರಿಯ ನಾಯಕರು. ಅವರ ಮುಂಚೂಣಿಯಲ್ಲಿ ಪಕ್ಷದ ಅಧ್ಯಕ್ಷರಾದ ಶ್ರೀ ಎಸ್. ನಿಜಲಿಂಗಪ್ಪನವರಿದ್ದರು.

ರಾಷ್ಟ್ರಪತಿಯ ವಿಚಾರದಲ್ಲಿ ಪ್ರಧಾನಿಗೂ ಪಕ್ಷಕ್ಕೂ ಭೇದ ಬಂದುದು ಅದು ಮೊದಲ ಸಲವಲ್ಲ. ೧೯೫೦ರಲ್ಲಿ ಪಂಡಿತ ನೆಹರೂ ಅವರ ಒಲವು ರಾಜಗೋಪಾಲಾಚಾರ್ಯರ ಕಡೆಗಿದ್ದಿತು. ಪಕ್ಷದ ಒಲವು ಬಾಬು ರಾಜೇಂದ್ರ ಪ್ರಸಾದರ ಕಡೆಗೆ. ನೆಹರೂ ತಗ್ಗಿದರು. ೧೯೬೭ರಲ್ಲಿ ಶ್ರೀಮತಿ ಗಾಂಧಿಯವರು ಜಾಕಿರ್ ಹುಸೇನರ ಹೆಸರನ್ನು ಹಿಡಿದರು. ಆಗ ಪಕ್ಷ ತಗ್ಗಿತು. ೧೯೬೯ರಲ್ಲಿ ಮಾತ್ರ ಇಬ್ಬರಲ್ಲಿ ಯಾರೂ ತಗ್ಗುವವರಾಗಿರಲಿಲ್ಲ.

ಹೆಸರುಗಳು ಮುಖ್ಯವಾಗಿ ಮೂರು ಕೇಳಿಬಂದುವು. ಮೊದಲನೆಯದು ಲೋಕಸಭೆಯ ಅಧ್ಯಕ್ಷರಾಗಿದ್ದ ಶ್ರೀ ನೀಲಂ ಸಂಜೀವ ರೆಡ್ಡಿಯವರದು. ಅವರು ನಮ್ಮ ನೆರೆಯ ಅನಂತಪುರ ಜಿಲ್ಲೆಯವರು. ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾಗಿಯೂ ಕಾಂಗ್ರೆಸ್ಸಿನ ಅಧ್ಯಕ್ಷರಾಗಿಯೂ ಇದ್ದವರು. ೧೯೬೭ರಲ್ಲಿ ಶ್ರೀಮತಿ ಗಾಂಧಿಯವರು ತಮ್ಮ ಸಂಪುಟದಲ್ಲಿ ಅವರಿಗೆ ಸ್ಥಾನ ಕೊಟ್ಟಿರಲಿಲ್ಲ. ಹಿರಿಯ ನಾಯಕರಿಗೆ ಅವರೇ ಬೇಕಾಗಿದ್ದುದಕ್ಕೂ ಪ್ರಧಾನಿಗೆ ಬೇಡವಾಗಿದ್ದುದಕ್ಕೂ ಕಾರಣವನ್ನು ಹೆಚ್ಚು ಹುಡುಕಬೇಕಾಗಿಲ್ಲ. ಎರಡನೆಯದು ಶ್ರೀ ಗಿರಿಯವರ ಹೆಸರು. ಕಾರ್ಮಿಕ ಸಂಘಗಳ ಹಳೆಯ ಮುಂದಾಳುವಾದ ಅವರು ಕನ್ನಡಿಗರಿಗೆ ಅಪರಿಚಿತರಲ್ಲ; ೧೯೬೫ರಿಂದ ೧೯೬೭ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನಲ್ಲಿಯೇ ಇದ್ದವರು. ಆಗ ಮುಖ್ಯಮಂತ್ರಿಗಳಾಗಿದ್ದವರು ನಿಜಲಿಂಗಪ್ಪನವರು. ಒಂದೇ ಸರ್ಕಾರದಲ್ಲಿ ರಾಜ್ಯಪಾಲರೂ ಮುಖ್ಯಮಂತ್ರಿಗಳೂ ಆಗಿದ್ದ ಇವರಿಬ್ಬರು ಎರಡೇ ವರ್ಷಗಳಲ್ಲಿ ಎದುರುಬದುರಾಗಿ ನಿಲ್ಲುವರೆಂದು ಯಾರು ಭಾವಿಸಿದ್ದರು? ಮೂರನೆಯದು ಕೇಂದ್ರದ ಹಿರಿಯ ಮಂತ್ರಿಗಳಾದ ಶ್ರೀ ಜಗಜೀವನ ರಾಮ್ ಅವರ ಹೆಸರು. ಅದು ಗಾಂಧಿಯವರ ಜನ್ಮಶತಾಬ್ದಿಯ ವರ್ಷ. ಆ ವರ್ಷ ಹರಿಜನರೊಬ್ಬರು ರಾಷ್ಟ್ರಪತಿಯಾಗುವುದು ಉಚಿತವೆಂಬುದು ಅವರ ಪರವಾದ ವಾದ.

ಬೆಂಗಳೂರಿನ ಸಭೆಗೆ ಪ್ರಧಾನಿ ಬರುವುದಕ್ಕೆ ಮೊದಲು ಅವರ ಟಿಪ್ಪಣಿಯೊಂದು ಬಂದಿತು. ಅದನ್ನು ತಂದವರು ಮಂತ್ರಿಗಳಾದ ಶ್ರೀ ಫಕ್ರುದ್ದೀನ್ ಅಲಿ ಅಹಮದರು. ಬ್ಯಾಂಕುಗಳ ರಾಷ್ಟ್ರೀಕರಣವೇ ಮೊದಲಾದ ಆರ್ಥಿಕ ಸಲಹೆಗಳು ಅದರಲ್ಲಿದ್ದುವು. ಹಿರಿಯರು ಆ ಸಲಹೆಗಳನ್ನು ಎದುರಿಸಲಿಲ್ಲ, ನಿರ್ಣಯವನ್ನು ಒಪ್ಪಿಕೊಂಡರು. ಆರ್ಥಿಕ ವಿಚಾರದಲ್ಲಿ ಬಿಟ್ಟುಕೊಟ್ಟು ಅಭ್ಯರ್ಥಿಯ ವಿಚಾರದಲ್ಲಿ ಗೆಲ್ಲಬಹುದೆಂಬುದು ಅವರ ಎಣಿಕೆಯಾಗಿ ತೋರುತ್ತದೆ. ಜುಲೈ ೧೨ರಂದು ಎಂಟು ಮಂದಿಯ ಪಾರ್ಲಿಮೆಂಟರಿ ಮಂಡಲಿ ಸೇರಿತು. ಪ್ರಧಾನಿಯವರು ಜಗಜೀವನ ರಾಮ್ ಅವರ ಹೆಸರನ್ನು ಮುಂದಿಟ್ಟರು. ಫಕ್ರುದ್ದೀನರು ಅದನ್ನು ಬೆಂಬಲಿಸಿದರು. ಕಾಮರಾಜ, ಮೊರಾರ್ಜಿ ದೇಸಾಯಿ, ಎಸ್. ಕೆ. ಪಾಟೀಲ, ಚವ್ಹಾಣ ಈ ನಾಲ್ವರು ರೆಡ್ಡಿಯವರ ಪರವಾಗಿ ನಿಂತರು. ಅಧ್ಯಕ್ಷರಾದ ನಿಜಲಿಂಗಪ್ಪನವರೂ, ತಮ್ಮ ಹೆಸರೇ ಚರ್ಚೆಯಲ್ಲಿದ್ದ ಜಗಜೀವನ ರಾಮ್ ಅವರೂ ಮತ ಹಾಕಲಿಲ್ಲ. ನಾಲ್ಕಕ್ಕೆ ಎರಡು, ಸಂಜೀವ ರೆಡ್ಡಿಯವರು ಕಾಂಗ್ರೆಸ್ಸಿನ ಅಭ್ಯರ್ಥಿಯಾದರು.

ಮಂಡಿಯವನು ಹೇಳಿದ ಧಾರಣೆ ಬೇರೆ, ಸರಕು ಕೈಬಿಟ್ಟುಹೋಗುವ ಧಾರಣೆ ಬೇರೆ ಎಂಬುದು ಮಾರುಕಟ್ಟೆಯ ಮಕ್ಕಳಿಗೂ ಗೊತ್ತಿರುವ ಮಾತು. ಜುಲೈ ೧೨ರ ಧಾರಣೆ ಕೋಣೆಯೊಳಗಿನದು. ಹೊರಗಿನ ಮಾತು ಮರುದಿನವೇ ಆರಂಭವಾಯಿತು. ೧೩ರಂದು ಗಿರಿಯವರು ತಾವು ಸ್ವತಂತ್ರರಾಗಿ ನಿಲ್ಲುವುದಾಗಿ ಸಾರಿದರು. ೧೬ರಂದು ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರ ಹಣಕಾಸಿನ ಖಾತೆಯನ್ನು ತೆಗೆದುಕೊಂಡರು; ದೇಸಾಯಿಯವರು ಸಂಪುಟವನ್ನೇ ಬಿಟ್ಟರು. ೧೯ರಂದು ೧೪ ದೊಡ್ಡ ಬ್ಯಾಂಕುಗಳನ್ನು ಸರ್ಕಾರದ ವಶಮಾಡುವ ಸುಗ್ರೀವಾಜ್ಞೆ ಹೊರಬಿದ್ದಿತು. ಮಂಗಳೂರಿನಲ್ಲಿ ೧೯೦೬ರಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ, ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಆ ಹದಿನಾಲ್ಕರಲ್ಲಿ ಸೇರಿದ್ದುವು. ಸುಗ್ರೀವಾಜ್ಞೆಗೆ ರುಜು ಹಾಕಿದವರು ಗಿರಿಯವರೇ. ಮರುದಿನ ಅವರು ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಶ್ರೀ ಹಿದಾಯತುಲ್ಲಾ ಅವರು ರಾಷ್ಟ್ರಪತಿಯ ಕಾರ್ಯವನ್ನು ವಹಿಸಿದರು. ಬೆಂಗಳೂರಿನಲ್ಲಿ ವ್ಯಕ್ತಿಯ ಆಯ್ಕೆಯಾಗಿದ್ದುದು ಒಂದೇ ವಾರದಲ್ಲಿ ತತ್ತ್ವದ ಆಯ್ಕೆಯಾಗಿ ಜನರ ಕಣ್ಣಿಗೆ ಕಂಡಿತು. ಹಿರಿಯ ನಾಯಕರು ಬೆಂಗಳೂರಿನಲ್ಲಿ ಅಗ್ಗವೆಂದು ಬಿಟ್ಟುಕೊಟ್ಟ ಆರ್ಥಿಕ ನಿರ್ಣಯವೇ ಅವರಿಗೆ ದುಬಾರಿಯಾಯಿತು.

ರಾಷ್ಟ್ರಪತಿಯನ್ನು ಚುನಾಯಿಸುವವರು ಪಾರ್ಲಿಮೆಂಟಿನ ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು. ಎಲ್ಲರ ಮತಕ್ಕೂ ಒಂದೇ ತೂಕವಿಲ್ಲ. ರಾಜ್ಯದ ಜನಸಂಖ್ಯೆಯನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಸಾವಿರದಿಂದ ಮತ್ತೆ ಭಾಗಿಸಿದರೆ ಒಬ್ಬ ಶಾಸಕನ ಮತದ ಬೆಲೆ ದೊರೆಯುವುದು. ೧೯೬೧ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು ೨ ಕೋಟಿ ೩೬ ಲಕ್ಷ. ವಿಧಾನಸಭೆಯ ಸ್ಥಾನಗಳು ೨೧೬. ಆದುದರಿಂದ ಇಲ್ಲಿಯ ಶಾಸಕನ ಮತದ ಬೆಲೆ ೧೦೯. ಪಾರ್ಲಿಮೆಂಟ್ ಸದಸ್ಯನ ಮತದ ಬೆಲೆ ೫೭೬. ಮತದಾರನು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯವನ್ನು ಗುರುತಿಸಬಹುದು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಕೊನೆಯವರಿಂದ ಮೊದಲುಮಾಡಿ ಒಬ್ಬೊಬ್ಬರನ್ನೇ ತೆಗೆದು, ಅವರ ಮತಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚುವರು. ಮತದಾನವು ರಹಸ್ಯವಾದುದು.

ಸ್ವತಂತ್ರ ಮತ್ತು ಜನಸಂಘ ಪಕ್ಷಗಳು ಹಿಂದಿನ ಹಣಕಾಸು ಮಂತ್ರಿ ಶ್ರೀ ಚಿಂತಾಮಣ ದೇಶಮುಖರನ್ನು ನಿಲ್ಲಿಸಿದ್ದುವು. ಕಮ್ಯುನಿಸ್ಟರೂ ದ್ರಾವಿಡ ಮುನ್ನೇತ್ರ ಕಳಗವೂ ಗಿರಿಯವರ ಕಡೆಗೆ ಸೇರಿದ್ದುವು. ಮೊದಲ ಎಣಿಕೆಯಲ್ಲಿ ಗೆಲುವು ಬಾರದೆಂದು ಕಂಡ ನಿಜಲಿಂಗಪ್ಪನವರು, ದೇಶಮುಖರ ಮತದಾರರ ಎರಡನೆಯ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಿಸಬೇಕೆಂದು ಆ ಪಕ್ಷಗಳ ನಾಯಕರೊಡನೆ ಮಾತನಾಡಿದರು. ಪ್ರಧಾನಿಯ ಪಂಗಡಕ್ಕೆ ಇದೇ ಅಸ್ತ್ರವಾಯಿತು. ವಿರೋಧಿಗಳೊಡನೆ ಗುಟ್ಟಿನ ಒಪ್ಪಂದವಾಗಿದೆಯೆಂದು ಜಗಜೀವನ ರಾಮ್ ಮತ್ತು ಫಕ್ರುದ್ದೀನರು ಅಧ್ಯಕ್ಷರಿಗೆ ಪತ್ರ ಬರೆದರು. ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದ ಶ್ರೀಮತಿ ಗಾಂಧಿಯವರು ಪಕ್ಷದ ಆಜ್ಞಾಪತ್ರವನ್ನು ಹೊರಡಿಸಲು ನಿರಾಕರಿಸಿದರು; ಸದಸ್ಯರು ಆತ್ಮಸಾಕ್ಷಿಗೆ ಅನುಸಾರವಾಗಿ ಮತ ಕೊಡಲೆಂಬ ಮಾತು ಹೊರಟಿತು. ಎತ್ತು ಏರಿಗೆ, ಕೋಣ ನೀರಿಗೆ.

ಇಲ್ಲಿ ನ್ಯಾಯ ಯಾರದು? ಪಕ್ಷದಲ್ಲಿ ಕ್ರಮವಾಗಿ ಆದ ತೀರ್ಮಾನಕ್ಕೆ, ಅದರಲ್ಲಿ ಸೋತವರೂ ಬದ್ಧರಾಗದಿದ್ದರೆ ಪಕ್ಷವೆಂಬುದಕ್ಕೆ ಅರ್ಥವೇ ಉಳಿಯದು; ನಿಜಲಿಂಗಪ್ಪನವರ ಈ ವಾದವನ್ನು ಸುಲಭವಾಗಿ ತಳ್ಳುವಂತಿಲ್ಲ. ಆದರೆ ರಾಜ್ಯಾಂಗವು ರಾಷ್ಟ್ರಪತಿಯ ಚುನಾವಣೆಯನ್ನು ರಹಸ್ಯ ಮತದಾನಕ್ಕೆ ಒಪ್ಪಿಸಿರುವುದು ಕಾರಣವಿಲ್ಲದೆ ಅಲ್ಲ. ಆ ಪದವಿ ಪಕ್ಷಕ್ಕೆ ಸೇರಿದುದಲ್ಲ. ಅದಕ್ಕೆ ಮತ ಕೊಡುವವನನ್ನು ಆಜ್ಞೆಯಿಂದ ಕಟ್ಟಿಹಾಕುವುದು ಆ ಪದವಿಯ ಧರ್ಮಕ್ಕೆ ಒಪ್ಪುವುದಿಲ್ಲ. ಇದು ಎದುರು ವಾದ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡು ಪಂಗಡಗಳೂ ತಮ್ಮ ವಾದವನ್ನು ನೆನೆದದ್ದು ತಮಗೆ ಅನುಕೂಲವಾದಾಗ ಮಾತ್ರ. ತನ್ನ ಸಹಿಯನ್ನು ಹೊತ್ತ ನಾಮಪತ್ರದ ವಿರುದ್ಧ ಆತ್ಮಸಾಕ್ಷಿಯನ್ನು ಕರೆಯುವುದು ವಿಚಿತ್ರ. ಶಿಸ್ತನ್ನು ಬೋಧಿಸುತ್ತ ಪ್ರತಿಪಕ್ಷಗಳ ಬಾಗಿಲಿಗೆ ಹೋಗುವುದೂ ಅಷ್ಟೇ ವಿಚಿತ್ರ.

ಆಗಸ್ಟ್ ೧೬ರಂದು ಮತದಾನ ನಡೆಯಿತು, ೨೦ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಬಂದುವು. ಗೆಲುವಿಗೆ ಬೇಕಾದ ಸಂಖ್ಯೆ ೪,೧೮,೧೬೯. ಎರಡನೆಯ ಪ್ರಾಶಸ್ತ್ಯಗಳು ಸೇರಿದ ಮೇಲೆ ಗಿರಿಯವರದು ೪,೨೦,೦೭೭, ರೆಡ್ಡಿಯವರದು ೪,೦೫,೪೨೭. ಬೇಕಾದುದಕ್ಕಿಂತ ಗಿರಿಯವರಿಗೆ ಹೆಚ್ಚಾಗಿ ಬಂದುದು ೧,೯೦೮ ಮಾತ್ರ. ಅದು ಮೈಸೂರಿನ ಹದಿನೆಂಟು ಶಾಸಕರ ಮತಗಳ ಬೆಲೆಗೂ ಕಡಮೆ.

ಈ ಅಂಕಿಗಳನ್ನು ಸೂಕ್ಷ್ಮವಾಗಿ ನೋಡಿದರೆ ಒಂದು ಸಂಗತಿ ಎದ್ದುಕಾಣುವುದು. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಕೂಡಿಬಂದ ಮತ ೯೧,೮೭೯. ಗಿರಿಯವರಿಗೆ ಕೂಡಿಬಂದುದು ೧೮,೫೬೨. ಎಂದರೆ ಪ್ರತಿಪಕ್ಷಗಳ ಎರಡನೆಯ ಪ್ರಾಶಸ್ತ್ಯವನ್ನು ಗಳಿಸುವ ನಿಜಲಿಂಗಪ್ಪನವರ ಲೆಕ್ಕ ತಪ್ಪಲಿಲ್ಲ. ತಪ್ಪಿದುದು ಸ್ವಂತ ಮನೆಯ ಲೆಕ್ಕ. ಹೊರಗಿನವರ ಮತವನ್ನು ತರಲು ಮಾಡಿದ ಪ್ರಯತ್ನವೇ ಒಳಗಿನವರ ಮತ ಹೋಗಲು ನೆಪವಾಯಿತು. ಮಂಡಲಿಯ ನಾಲ್ಕು ಮತಗಳು ಇಡೀ ಪಕ್ಷದ ಮನಸ್ಸೆಂದು ನಂಬಿದುದೇ ಮೂಲದೋಷ.

ಆಮೇಲಿನ ಕಥೆ ದೀರ್ಘವಾದರೂ ತ್ವರಿತವಾಗಿ ನಡೆಯಿತು. ನವೆಂಬರ್ ೧೨ರಂದು ನಿಜಲಿಂಗಪ್ಪನವರ ಪಂಗಡವು ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಿತು, ಕಾಂಗ್ರೆಸ್ಸು ಒಡೆಯಿತು. ಬಹುಕಾಲದ ಜೋಡೆತ್ತಿನ ಗುರುತು ಯಾರಿಗೂ ಇಲ್ಲದಂತಾಯಿತು. ೧೯೫೬ರಲ್ಲಿ ಒಂದಾದ ಕನ್ನಡ ನಾಡಿಗೆ ಮೊದಲ ಮುಖ್ಯಮಂತ್ರಿಗಳಾಗಿದ್ದವರು, ಏಕೀಕರಣಕ್ಕಾಗಿ ದುಡಿದವರು, ಪಕ್ಷದ ವಿಭಜನೆಯ ಕಾಲದಲ್ಲಿ ಅಧ್ಯಕ್ಷಸ್ಥಾನದಲ್ಲಿರಬೇಕಾದುದು ವಿಧಿಯ ವಿಪರ್ಯಾಸ. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಅವರ ನಾಡಿನ ೨೭ ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಸಂದುವು. ೧೯೭೨ರಲ್ಲಿ ಆ ಪಂಗಡದ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಅಧಿಕಾರದಲ್ಲಿರುವ ರಾಷ್ಟ್ರಪತಿಯೇ ಸಾಕ್ಷಿ ಹೇಳಿದರು. ೧೯೭೦ರಲ್ಲಿ ತಕರಾರು ವಜಾ ಆಯಿತು.

ತಮ್ಮವರೇ ರಾಷ್ಟ್ರಪತಿಯಾಗಬೇಕೆಂದು ಎರಡು ಕಡೆಯವರೂ ಹೋರಾಡಿದುದಕ್ಕೆ ಬೆಲೆ ತೆತ್ತವರು ಯಾರು? ಬೆಂಗಳೂರಿಗೆ ಟಿಪ್ಪಣಿಯನ್ನು ತಂದ ಫಕ್ರುದ್ದೀನರು ೧೯೭೪ರಲ್ಲಿ ರಾಷ್ಟ್ರಪತಿಯಾದರು. ೧೯೭೫ರ ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಅವರ ರುಜು ಬಿದ್ದಿತು. ಆ ಹೊತ್ತಿಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಮೊದಲಾದ ವಿರೋಧ ಪಕ್ಷದ ನಾಯಕರು ಮರುದಿನ ಇಲ್ಲಿಯೇ ಬಂಧಿತರಾಗಿ, ಮಾರುಕಟ್ಟೆಗೆ ದೂರವಲ್ಲದ ಸೆಂಟ್ರಲ್ ಜೈಲನ್ನು ಕಂಡರು. ೧೯೭೭ರ ಫೆಬ್ರವರಿಯಲ್ಲಿ ಫಕ್ರುದ್ದೀನರು ತೀರಿಕೊಂಡಾಗ ಕನ್ನಡಿಗರಾದ ಶ್ರೀ ಬಿ. ಡಿ. ಜತ್ತಿಯವರು ಐದು ತಿಂಗಳಿಗೂ ಹೆಚ್ಚು ಕಾಲ ಆ ಕಾರ್ಯವನ್ನು ವಹಿಸಿದರು. ಆ ಜುಲೈನಲ್ಲಿ ಅವರಿಂದ ಅಧಿಕಾರವನ್ನು ಪಡೆದವರು ಸಂಜೀವ ರೆಡ್ಡಿಯವರು. ಎಂಟು ವರ್ಷಗಳ ಹಿಂದೆ ನಾಲ್ಕು ಮತಗಳಿಂದ ಆಯ್ಕೆಯಾಗಿ ಸೋತವರು, ಈ ಸಲ ಅವಿರೋಧವಾಗಿ ಚುನಾಯಿತರಾದರು.

ಕೊನೆಗೆ ಆ ಬೀಗದ ಕೈ ತಿರುಗಿದುದು ೧೯೭೯ರಲ್ಲಿ. ಮೊರಾರ್ಜಿ ದೇಸಾಯಿಯವರ ಸರ್ಕಾರ ಬಿದ್ದು, ಚರಣ ಸಿಂಗರೂ ಆಗಸ್ಟ್ ೨೦ರಂದು ಲೋಕಸಭೆಯ ವಿಶ್ವಾಸವನ್ನು ಕೋರದೆ ರಾಜೀನಾಮೆ ಕೊಟ್ಟಾಗ, ಸರ್ಕಾರ ರಚಿಸಲು ತಮಗೆ ಅವಕಾಶ ಸಿಗಬೇಕೆಂದು ಜನತಾ ಪಕ್ಷದ ನಾಯಕರು ಕೇಳಿದರು. ಆ ನಾಯಕರು ಜಗಜೀವನ ರಾಮ್. ರಾಷ್ಟ್ರಪತಿ ರೆಡ್ಡಿಯವರು ಅವರನ್ನು ಕರೆಯದೆ ೨೨ರಂದು ಲೋಕಸಭೆಯನ್ನು ವಿಸರ್ಜಿಸಿದರು. ಬಹುಮತವಿಲ್ಲದ ಸಭೆಯಲ್ಲಿ ರಾಷ್ಟ್ರಪತಿಯ ವಿವೇಚನೆ ಎಷ್ಟು ದೊಡ್ಡದೆಂದು ೧೯೬೯ರಲ್ಲಿ ಹಿರಿಯರು ಊಹಿಸಿದುದು ದಿಟವಾಯಿತು. ಆದರೆ ಅದು ದಿಟವಾದ ದಿನ ಕೈ ಯಾರದು, ಬಾಗಿಲು ಯಾರದು ಎಂಬುದನ್ನು ಅವರಲ್ಲಿ ಒಬ್ಬರೂ ಊಹಿಸಿರಲಿಲ್ಲ.

ರೆಡ್ಡಿಯವರು ೧೯೯೬ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು, ನಿಜಲಿಂಗಪ್ಪನವರು ೨೦೦೦ದಲ್ಲಿ. ಗಾಜಿನ ಮನೆಯಲ್ಲಿ ವರ್ಷವರ್ಷವೂ ಹೂವಿನ ಪ್ರದರ್ಶನ ನಡೆಯುತ್ತಿದೆ. ರಾಷ್ಟ್ರಪತಿಯ ಪದವಿಗೆ ಹೆಸರುಗಳನ್ನು ಎಣಿಸುವ ಪಕ್ಷಗಳು, ಈತನು ನಮ್ಮವನಾಗಿರುವನೆ ಎಂದು ಮೊದಲು ಕೇಳುವ ರೂಢಿ ಇನ್ನೂ ಹೋಗಿಲ್ಲ. ಬೆಂಗಳೂರಿನಲ್ಲಿ ಆ ವಾರ ಕೇಳಬೇಕಾಗಿದ್ದ ಪ್ರಶ್ನೆ ಬೇರೊಂದಿದ್ದಿತು: ಈತನು ಯಾರವನೂ ಆಗದೆ ನಿಲ್ಲಬಲ್ಲನೆ?